ತಪ್ಪು ಅಂಕಿಯ ಪುಸ್ತಕಕ್ಕೆ ಬಾಗಿಲು ಮುಚ್ಚಿದವರಿಗೆ

ಹದಿಮೂರು ಅಂಕಿಗಳ ಕಾವಲುಗಾರರೇ,

ಸಾರ್ವಜನಿಕ ಗ್ರಂಥಾಲಯಗಳ ಗಣಕ ವಿಭಾಗಕ್ಕೆ ನೀವು ಮುಖ್ಯಸ್ಥರು. ನನ್ನ ಮೊದಲ ಪುಸ್ತಕವನ್ನು ನಿಮ್ಮ ಗ್ರಂಥಾಲಯವೇ ಆರಿಸಿ ಖರೀದಿಸಿತು. ನಿಮ್ಮ ತಂತ್ರಾಂಶ ಅದು ಪುಸ್ತಕವೇ ಅಲ್ಲ ಎಂದಿತು. ಹಿಂಬದಿಯಲ್ಲಿ, ಪುಸ್ತಕಕ್ಕೊಂದರಂತೆ ಕೊಡುವ ಐಎಸ್‌ಬಿಎನ್ ಸಂಖ್ಯೆಯಲ್ಲಿ ಕೊನೆಯ ಅಂಕಿ ತಪ್ಪಂತೆ. ತಿಂಗಳ ಕೊನೆಗೆ ಪ್ರತಿಗಳೆಲ್ಲ ವಾಪಸಂತೆ.

ತಪ್ಪು ಹೌದು. ನಮ್ಮ ಮುದ್ರಕರು ಹೆಚ್ಚಾಗಿ ರಸೀದಿ ಪುಸ್ತಕ ಅಚ್ಚು ಹಾಕುವವರು. ಅವರ ಹಿಂದಿನ ಪುಸ್ತಕದ ಸಂಖ್ಯೆ ನಾಲ್ಕರಲ್ಲಿ ಮುಗಿದಿತ್ತು, ಸಂಖ್ಯೆ ಹಂಚುವ ಆಫೀಸು ನನಗೆ ಕೊಟ್ಟದ್ದು ಒಂದರಲ್ಲಿ. "ನಾಲ್ಕಾದ ಮೇಲೆ ಒಂದು ಯಾವ ಲೆಕ್ಕ ತಂಗಿ? ಆಫೀಸಿನವರು ನಿದ್ದೆಗಣ್ಣಲ್ಲಿ ಬರೆದಿದಾರೆ" ಎಂದು ಕರುಣೆಯಿಂದ ಐದು ಮಾಡಿಬಿಟ್ಟರು. ಕೊನೆಯ ಅಂಕಿ ಇರುವುದು ಉಳಿದ ಹನ್ನೆರಡನ್ನು ತಾಳೆ ನೋಡಲು ಎಂದು ಅವರಿಗೂ ಗೊತ್ತಿರಲಿಲ್ಲ, ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೂ ಗೊತ್ತಿರಲಿಲ್ಲ. ಈಗ ನನಗೆ ಕೊಟ್ಟ ಸರಿಯಾದ ಸಂಖ್ಯೆಯನ್ನೇ ಕಂಪ್ಯೂಟರಿಗೆ ಹಾಕೋಣವೆಂದರೆ, ಪುಸ್ತಕದ ಮೇಲಿರುವುದನ್ನೇ ಹಾಕಬೇಕೆಂದು ನಿಮ್ಮ ಸುತ್ತೋಲೆ! ಸುತ್ತೋಲೆ ಒಪ್ಪಿದ್ದನ್ನು ಯಂತ್ರ ಒಪ್ಪದು, ಯಂತ್ರ ಒಪ್ಪಿದ್ದನ್ನು ಸುತ್ತೋಲೆ ಒಪ್ಪದು. ಎರಡನ್ನೂ ಹೆತ್ತವರು ನೀವೇ ಅಲ್ಲವೇ?

ನನ್ನಮ್ಮ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾಳೆ. ಪುಸ್ತಕದ ತುಂಬ ಅವಳ ಜೊತೆಗಾರ್ತಿಯರದೇ ಕಥೆಗಳು. ಅವರಿಗೆ ಮನೆಯ ಪ್ರತಿ ಬೇಡ, ಗ್ರಂಥಾಲಯದ ಮುದ್ರೆ ಬಿದ್ದದ್ದೇ ಬೇಕು. ಮೊನ್ನೆ ಅಮ್ಮ, ಅವಳ ಜೊತೆಯಲ್ಲೇ ದುಡಿಯುವ ದೊಡ್ಡಮ್ಮ, ಇನ್ನಿಬ್ಬರು ಗ್ರಂಥಾಲಯಕ್ಕೆ ಹೋದರು. ನಾನು ನಾಚಿಕೊಂಡು ಬಾಗಿಲಲ್ಲೇ ನಿಂತೆ.

"ಆ ಹೆಸರಿನ ಪುಸ್ತಕ ಇಲ್ಲಮ್ಮ" ಎಂದರು ಗುಮಾಸ್ತರು, ಕಂಪ್ಯೂಟರ್ ನೋಡಿ.

"ನಿನ್ನ ಮೊಣಕೈ ಕೆಳಗೇ ಇದೆಯಲ್ಲಪ್ಪಾ!" ಎಂದಳು ಅಮ್ಮ.

"ಇದೆ. ಕಂಪ್ಯೂಟರಲ್ಲಿ ಇಲ್ಲ."

"ಹಾಗಾದ್ರೆ ನಾವು ಇದೀವಾ ಅಂತ್ಲೂ ಅದರಲ್ಲೇ ನೋಡಿ ಹೇಳು. ಇಲ್ದಿದ್ರೆ ಸುಮ್ನೆ ಯಾಕೆ ನಿಂತಿರೋದು?" ಎಂದಳು ದೊಡ್ಡಮ್ಮ.

ಗುಮಾಸ್ತರು ನಕ್ಕು, ನನ್ನ ಪುಸ್ತಕಕ್ಕೆ ಕೈಗೆ ಸಿಕ್ಕ ಬೇರೊಂದು ಪುಸ್ತಕದ ಸಂಖ್ಯೆ ಒತ್ತಿ ತೋರಿಸಿದರು. ಯಂತ್ರ ಹಲ್ಲುಗಿಂಜಿ ಒಪ್ಪಿತು. ನನ್ನ ಪುಸ್ತಕ ಕೋಳಿ ಸಾಕಣೆಯ ಕೈಪಿಡಿಯಾಯಿತು. ಆಹಾ, ಏನು ಶಿಸ್ತು ನಿಮ್ಮದು! ಅಚ್ಚಾಗಿರುವ ನಿಜಕ್ಕೆ ಕತ್ತು ಹಿಡಿದು ದಬ್ಬುವುದು, ಲೆಕ್ಕ ಕೂಡಿಬಂದ ಸುಳ್ಳಿಗೆ ಮಣೆ ಹಾಕುವುದು. ಇದು ಪರಿಶೀಲನೆಯೋ, ಸಿಬ್ಬಂದಿಗೆ ಸುಳ್ಳು ಬರೆಯುವ ತರಬೇತಿಯೋ? ಗುಮಾಸ್ತರು ಅದನ್ನು ಅಳಿಸಿದರು. ನಾಲ್ವರೂ ಬರಿಗೈಯಲ್ಲಿ ಮರಳಿದರು.

ಕಾವಲು ಬೇಡ ಎನ್ನುತ್ತಿಲ್ಲ. ಬೆರಳು ಜಾರಿದವರನ್ನು ಯಂತ್ರ ಗದರಲಿ, ಎರಡು ಸಲ ಕೇಳಲಿ. ಪುಸ್ತಕದ ಮೇಲೆ ಇರುವುದೇ ಹಾಗೆ ಎಂದು ಕಣ್ಣಾರೆ ಕಂಡವರು ಹೇಳಿದರೆ, 'ತಪ್ಪು ಸಂಖ್ಯೆ' ಎಂದು ಗುರುತು ಹಾಕಿ, ಸರಿಯಾದದ್ದನ್ನು ಪಕ್ಕದಲ್ಲಿ ಬರೆದುಕೊಂಡು ಒಳಗೆ ಬಿಡಲಿ. ತಿಂಗಳು ಮುಗಿಯುವ ಮೊದಲು ಅಷ್ಟು ಮಾಡಿಸಿ. ನಿಮ್ಮ ಕೈಲಾಗದಿದ್ದರೆ ಪ್ರತಿಗಳನ್ನು ನನಗೆ ಹಿಂದಿರುಗಿಸಬೇಡಿ. ಮುದ್ರೆ ಒತ್ತಿ ನೇರವಾಗಿ ಆಸ್ಪತ್ರೆಯ ಇಸ್ತ್ರಿ ಕೋಣೆಗೆ ಕಳಿಸಿ. ಅಲ್ಲಿಯವರು ಬೆನ್ನಿನ ಅಂಕಿಯಿಂದಲ್ಲ, ಮೊದಲ ಪುಟದಿಂದ ಓದುತ್ತಾರೆ.

ಇಂತಿ,
ನಿಮ್ಮ ಯಂತ್ರ ಇನ್ನೂ ಒಪ್ಪದ ಲೇಖಕಿ