ಎಲ್ಲರನ್ನೂ ಮನೆಗೆ ಕರೆಯುವವಳು

ಶನಿವಾರ, ಮಾರ್ಚ್ ೧೪

ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅದೂ ಯಾರ ಮೇಲೆ? ಅಳುವ ಮಗನನ್ನು ಸೊಂಟದಿಂದ ಇಳಿಸಲಾಗದೆ ಬೆವರುತ್ತಿದ್ದ ಒಬ್ಬ ತಾಯಿಯ ಮೇಲೆ.

ಇವತ್ತು ಆಸ್ಪತ್ರೆಯಲ್ಲಿ ಪೋಷಕರ ಸಭೆ. ಬಂದವರೆಲ್ಲ ನನ್ನ ಮಗಳ ಹಾಗೇ ವಂಶವಾಹಿಯ ಅದೇ ಒಂದು ಚೂರು ಇಲ್ಲದೆ ಹುಟ್ಟಿದ ಮಕ್ಕಳು. ಮೂಗು, ತುಟಿ ನೋಡಿದರೆ ಒಡಹುಟ್ಟಿದವರ ಹಾಗೆ. ನನ್ನ ಮಗಳು ಬಾಗಿಲಲ್ಲೇ ಕಾವಲುಗಾರನನ್ನು ತಬ್ಬಿಕೊಂಡು, "ನಾಳೆ ನಮ್ಮನೆಗೆ ಬರ್ತೀಯಾ?" ಎಂದಳು. ಆಮೇಲೆ ನರ್ಸಿಗೆ, ಲಿಫ್ಟಿನಲ್ಲಿದ್ದ ಯಾರೋ ಅಜ್ಜನಿಗೆ ಅದೇ ಅಪ್ಪುಗೆ, ಅದೇ ಪ್ರಶ್ನೆ.

ಈ ಮಕ್ಕಳೇ ಹೀಗೆ, ಎಲ್ಲರೂ ಒಂದೇ ಇವರಿಗೆ ಎಂದು ಡಾಕ್ಟರು ಹೇಳಿದ್ದನ್ನೇ ನಂಬಿಕೊಂಡು ಇಷ್ಟು ವರ್ಷ ಸಮಾಧಾನ ತಂದುಕೊಂಡಿದ್ದೆ. ಆದರೆ ಇವತ್ತು ಆ ಅಳುವ ಹುಡುಗ, ಅವನೂ ಇವಳ ಹಾಗೇ ಹುಟ್ಟಿದವನಾದರೂ, ಯಾರನ್ನೂ ಹತ್ತಿರ ಸೇರಿಸಲಿಲ್ಲ. ಅಮ್ಮನ ಕತ್ತಿಗೆ ಜೋತುಬಿದ್ದವನು ಕೊನೆಯವರೆಗೂ ಕೈ ಸಡಿಲಿಸಲಿಲ್ಲ.

"ಬಚ್ಚಲಿಗೂ ಒಬ್ಬಳೇ ಹೋಗೋಕೆ ಬಿಡಲ್ಲ ಕಣ್ರೀ. ನಿಮ್ಮ ಮಗಳು ನೋಡಿ, ಎಷ್ಟು ಆರಾಮ! ಪುಣ್ಯ ಮಾಡಿದ್ದೀರಿ" ಎಂದಳು ಅವನ ತಾಯಿ.

ಹೂಂ ಎಂದೆ. ಬೇರೇನು ಹೇಳಲಿ? ಹೋದ ತಿಂಗಳು ನಾನು ಜ್ವರ ಬಂದು ಆಸ್ಪತ್ರೆ ಸೇರಿದ್ದಾಗ ಇವಳು ಪಕ್ಕದ ಮನೆಯಲ್ಲಿ ನಗುನಗುತ್ತಾ ಉಂಡು ಮಲಗಿದಳು, ಅಮ್ಮ ಎಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ ಎಂದು ಹೇಳಲೇ?

ಈಗ ತಾನೇ ಮಲಗಿಸಿ ಹೊದಿಕೆ ಸರಿಮಾಡಿದೆ. ನನ್ನ ಕತ್ತು ತಬ್ಬಿಕೊಂಡಳು. ಕಾವಲುಗಾರನನ್ನು ನೋಡಿದ ಅದೇ ಹೊಳೆಯುವ ಕಣ್ಣುಗಳಿಂದ ನನ್ನನ್ನೂ ನೋಡಿದಳು.

"ನಾಳೆ ನಮ್ಮನೆಗೆ ಬರ್ತೀಯಾ?"

"ಬರ್ತೀನಿ ಕಂದ."

"ಎಷ್ಟೊತ್ತಿಗೆ?"

ನೀನು ಏಳೋಕೆ ಮುಂಚೆನೇ, ಅಂದೆ.