ಹಕ್ಕಿಗಳ ಹೊಲಕ್ಕೆ ಒಡ್ಡು

೧೪ ಸೆಪ್ಟೆಂಬರ್, ಭಾನುವಾರ. ತುರ್ವಿಹಾಳ.

ಎರಡು ಸಲ ಸೋಪು ಹಚ್ಚಿ ತೊಳೆದರೂ ಕೈಯಿಂದ ಕೆಸರಿನ ನಾತ ಹೋಗಿಲ್ಲ. ಅದಕ್ಕಿಂತ ಹೇಸಿಗೆ ನಮ್ಮಣ್ಣ ಮುಜಾಹಿದನ ಮುಖ.

ಹಳ್ಳದ ದಂಡೆಯ ನಮ್ಮ ತಗ್ಗಿನ ಹೊಲವನ್ನು ಬೀಳು ಬಿಟ್ಟಿದ್ದೇ ಹಳ್ಳ ಉಕ್ಕಿದಾಗ ನೀರು ಅಲ್ಲಿ ಹರಡಿಕೊಳ್ಳಲಿ, ಕೆಳಗಿನ ಓಣಿಗೆ ನುಗ್ಗದಿರಲಿ ಎಂದು. ಆಪು ಹುಲ್ಲು ಬೆಳೆಯಿತು, ಕಾಡುಬಾತು ಬಂದವು. ಹೋದ ಮಳೆಗಾಲ ಓಣಿಯವರು ನೆಮ್ಮದಿಯಾಗಿ ಮಲಗಿದರು. ಈಗ ಅದನ್ನೇ ಹಕ್ಕಿಧಾಮವೆಂದು ಉದ್ಘಾಟಿಸಲು ಯಾರೋ ದೊಡ್ಡವರು ಬರುತ್ತಾರೆಂದು ಅಣ್ಣ ಹೊಲದ ಸುತ್ತ ಎದೆಮಟ್ಟ ಒಡ್ಡು ಹಾಕಿಸಿದ್ದಾನೆ! ಭತ್ತ ಬೆಳೆದವರ ಚಟ. "ಒಡ್ಡಿಲ್ಲದ ಹೊಲ ಬೇವಾರಸಿ ಕಾಣತೈತಿ" ಅಂದ. ಮೇಲೆ ಸುಣ್ಣ ಬೇರೆ ಬಳಿಸಿದ್ದಾನೆ.

ನಿನ್ನೆಯ ಮಳೆಗೆ ಹಳ್ಳ ಆ ಒಡ್ಡಿಗೆ ಬಡಿದು ಸೀದಾ ಓಣಿಗೆ ತಿರುಗಿತು. ಓಣಿಯ ಮೊದಲ ಮನೆಯ ಅಜ್ಜಿ ಮುದುಕಮ್ಮನ ಮನೆಯಲ್ಲಿ ಮೊಣಕಾಲುದ್ದ ಕೊಳಚೆ, ಅದರಲ್ಲಿ ತೇಲುವ ರೊಟ್ಟಿ. ನಾನೂ ಆಕೆಯೂ ಕೊಡದಲ್ಲಿ ಎತ್ತಿ ಚೆಲ್ಲುತ್ತಿದ್ದೆವು. ಅಣ್ಣ ಬಾಗಿಲಾಚೆ ಮೂಗು ಮುಚ್ಚಿಕೊಂಡು ನಿಂತು, "ಈಗ ಒಡ್ಡು ಒಡದ್ರ ಚೆಂದ ಕಾಣಂಗಿಲ್ಲ. ಕಾರ್ಯಕ್ರಮ ಮುಗೀಲಿ ತಡಿ ಬೇ" ಅಂದ. ಥೂ.

ಮುದುಕಮ್ಮ ಬೈಯಲಿಲ್ಲ. ಸೊಂಟ ಹಿಡಿದುಕೊಂಡು ಎದ್ದು ಕೇಳಿದಳು: "ಹಕ್ಕಿಗೋಳ ಮನಿಯಾಗ ನೀರು ಹೊಕ್ಕಿಲ್ಲಲ್ಲಪ್ಪಾ?"

"ಇಲ್ಲ ಬೇ, ಒಂದ ಹನಿ ಸೈತ ಹೊಕ್ಕಿಲ್ಲ" ಅಂದ.

ಹೆಮ್ಮೆಯಿಂದ ಅಂದ.