ಇವರ ಬದಲು ನಾನು ಕೊಟ್ಟ ಉತ್ತರ

೪ ಆಗಸ್ಟ್ ೨೦೨೫, ಶ್ರಾವಣ ಸೋಮವಾರ. ಸೊಲ್ಲಾಪುರ, ಆಸ್ಪತ್ರೆ.

ಇವತ್ತು ನಾನು ಮಾಡಿದ್ದು ತಪ್ಪು. ಕ್ಯಾನ್ಸರ್ ಜೊತೆ ಬಡಿದಾಡಲು ಯಜಮಾನರದೇ ರಕ್ತದ ಕಣಗಳನ್ನು ಹೊರತೆಗೆದು, ತಯಾರು ಮಾಡಿ ಮೈಗೆ ಮರಳಿ ಹಾಕಿ ಆರು ದಿನವಾಯಿತು. ಆ ಕಣಗಳ ಆರ್ಭಟಕ್ಕೆ ಮೊದಲು ಜ್ವರ ಬರುತ್ತದೆ, ಆಮೇಲೆ ಬುದ್ಧಿಯೂ ಮಂಕಾಗಬಹುದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಸಿಸ್ಟರ್ ಮನೀಷಾ ದಿನಾ ಬೆಳಿಗ್ಗೆ ಇವರಿಗೆ ನಾಲ್ಕು ಪ್ರಶ್ನೆ ಕೇಳಿ, ಒಂದು ಸಾಲು ಬರೆಸುತ್ತಾಳೆ.

"ಕಾಕಾ, ಇದು ಯಾವ ಊರು?" ಎಂದಳು. ಇವರು ನನ್ನ ಮುಖ ನೋಡಿದರು. ಮಂದಿಯ ಮುಂದೆ ಗಂಡ ತಡವರಿಸಿದರೆ ನನಗೆ ತಡೆಯದು. "ಸೊಲ್ಲಾಪುರ ಅನ್ರಿ" ಎಂದುಬಿಟ್ಟೆ.

"ಮಾವಶಿ, ಪರೀಕ್ಷಾ ಕಾಕಾಂದೋ ನಿಮ್ದೋ?" ಎಂದು ಮನೀಷಾ ನನ್ನ ಕಡೆ ತಿರುಗಿದಳು.

ಇವರು ದಿನಾ ಬರೆಯುವ ಸಾಲು 'ನಮ್ಮೂರು ಚಪಳಗಾಂವ'. ಇವತ್ತು ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. "ಜ್ವರಕ್ಕ ಕೈ ನಡಗಾಕತ್ತಾವ್ರಿ, ಬರೋಬರಿ ಬರದಾರ" ಎಂದು ಮತ್ತೆ ಮುಚ್ಚಿಹಾಕಿದೆ. ಮನೀಷಾ ಹಿಂದಿನ ದಿನಗಳ ಹಾಳೆಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿದಳು. "ನನಗ ಕನ್ನಡ ಓದಾಕ ಬರಂಗಿಲ್ಲ, ಮಾವಶಿ. ಖರೆ ಇದು ನಿನ್ನಿನ ಕೈ ಅಲ್ಲ" ಎಂದವಳೇ ಡಾಕ್ಟರನ್ನು ಕರೆಯಲು ಓಡಿದಳು. ಕೂಡಲೇ ಔಷಧ ಶುರುವಾಯಿತು. ಸಂಜೆ ಮತ್ತೆ ಕೇಳಿದಾಗ ಇವರೇ ಸೊಲ್ಲಾಪುರ ಎಂದರು.

ಅವಳಿಗೆ ನನ್ನ ಮಗಳ ವಯಸ್ಸು. ಓದಲು ಬಾರದ ಅಕ್ಷರದಲ್ಲಿ ಅವಳು ಕಂಡದ್ದನ್ನು ಓದಲು ಬರುವ ನಾನು ಮುಚ್ಚಿಟ್ಟೆ. ಕೈಮುಗಿದರೆ ಬೈದಳು: "ನನಗ್ಯಾಕ ಮುಗೀತೀರಿ? ನಾಳಿ ಸುಮ್ಮ ಕೂಡ್ರಿ, ಸಾಕು."

ಈ ಮಂಕು ನಾಳೆ ಮತ್ತೆ ಬರಬಹುದಂತೆ. ತಂದೆ ಸಿದ್ಧರಾಮಾ, ಇವರ ತಲೆ ಕಾಯಲು ಅವಳಿದ್ದಾಳೆ. ನೀನು ನನ್ನ ಬಾಯಿಯೊಂದನ್ನು ಕಾಯಿ.